ಬೋರ್ಡು ತಿರುಗಿಸಿದವಳು

ನಮ್ಮ ನರಸಿಂಹರಾಜಪುರದ ಪೇಟೆಯಲ್ಲಿ ಒಂದು ಮಾತಿದೆ. ಕುದುರಿದ ವ್ಯಾಪಾರವನ್ನು ಬಾಯಿಂದ ಕೆಡಿಸಿಕೊಂಡವನನ್ನು, ಒಪ್ಪಿದ ಹುಡುಗಿಯನ್ನು ಬಿಟ್ಟು ಇನ್ನೊಬ್ಬಳನ್ನು ನೋಡಲು ಹೋದವನನ್ನು ಕಂಡರೆ ‘ಬೋರ್ಡು ತಿರುಗಿಸಿದ ನೋಡು’ ಎಂದು ನಗುತ್ತಾರೆ. ಮಾತು ಎಲ್ಲಿಂದ ಬಂತೆಂದು ಈಗಿನ ಹುಡುಗರಿಗೆ ಗೊತ್ತಿಲ್ಲ. ಬೋರ್ಡು ತಿರುಗಿಸಿದವಳು ನನ್ನ ಅಕ್ಕ. ಅದು ಕೇರಂ ಬೋರ್ಡು. ಯಾಕೆ ತಿರುಗಿಸಿದಳೆಂಬುದು ಅವಳಿಗೆ ಮತ್ತು ನನಗೆ ಮಾತ್ರ ಗೊತ್ತಿತ್ತು. ಹೋದ ಮಳೆಗಾಲದಲ್ಲಿ ಕಾಮಾಲೆಯಾಗಿ ಅವಳು ತೀರಿಕೊಂಡ ಮೇಲೆ ಗೊತ್ತಿದ್ದವನು ನಾನೊಬ್ಬನೇ ಉಳಿದೆ.

ನಾನು ಏಳನೇ ಕ್ಲಾಸು ಫೇಲಾಗಿ ಅಪ್ಪನ ಜವಳಿ ಅಂಗಡಿಯಲ್ಲಿ ಕೂತವನು. ಬರೆದು ರೂಢಿಯಿಲ್ಲ. ಆದರೆ ಅವಳ ವಿಷಯವನ್ನು ನನಗಿಂತ ಸರಿಯಾಗಿ ಬರೆಯಬಲ್ಲವರು ಯಾರೂ ಇಲ್ಲ. ಅಷ್ಟು ಮಟ್ಟಿಗೆ ನನಗೆ ಧೈರ್ಯವಿದೆ.

ಅಮ್ಮ ನಾವು ಸಣ್ಣವರಿರುವಾಗಲೇ ಹೋಗಿದ್ದಳು. ಅಪ್ಪ ಅಂಗಡಿ ನೋಡಿಕೊಳ್ಳುತ್ತಿದ್ದರು. ಅಂಗಡಿಯ ಪಕ್ಕದ ಕೋಣೆಯಲ್ಲಿ ಅಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ, ಲಂಗ, ಗಂಡಸರ ಅಂಗಿ ಎಲ್ಲ ಹೊಲಿಯುತ್ತಿದ್ದಳು. ಅವಳು ಹೊಲಿದದ್ದಕ್ಕೆ ಇಸ್ತ್ರಿ ಹಾಕುವುದು ನನ್ನ ಕೆಲಸ. ಆ ಕೋಣೆಯ ಹಿಂದಿನ ಭಾಗದಲ್ಲಿ ಅಪ್ಪ ಶಿವಮೊಗ್ಗದಿಂದ ತಂದ ಕೇರಂ ಬೋರ್ಡಿತ್ತು. ಮಳೆಗಾಲದಲ್ಲಿ ಗಿರಾಕಿಗಳಿಲ್ಲದೆ ಬೇಜಾರಾಗುತ್ತದೆಂದು ತಮಗಾಗಿಯೇ ತಂದುಕೊಂಡಿದ್ದರು. ಅಕ್ಕನಿಗೆ ಸ್ಟ್ರೈಕರ್ ಹಿಡಿಯಲು ಕಲಿಸಿದವರೂ ಅವರೇ. ಒಂದು ಮಳೆಗಾಲ ಮುಗಿಯುವುದರೊಳಗೆ ಅವಳು ಅಪ್ಪನನ್ನು ಸೋಲಿಸಿದಳು. ಇನ್ನೊಂದು ಮಳೆಗಾಲಕ್ಕೆ ಪೇಟೆಯ ಗಂಡಸರನ್ನೆಲ್ಲ ಸೋಲಿಸಿದಳು.

ಅವಳು ವಿನಯವಂತೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವಳಷ್ಟು ಕೊಚ್ಚಿಕೊಳ್ಳುವವಳನ್ನು ನಾನು ಕಂಡಿಲ್ಲ. ಕೊರಳಲ್ಲಿ ಅಳತೆ ಟೇಪು, ಸೆರಗಿಗೆ ಚುಚ್ಚಿದ ಸೂಜಿ, ಹಾಗೇ ಬಂದು ಬೋರ್ಡಿನ ಮುಂದೆ ಕೂರುತ್ತಿದ್ದಳು. ಕೂತ ಕೂಡಲೇ, “ಬನ್ನಿ ಬನ್ನಿ, ಇವತ್ತು ಯಾರಿಗೆ ಸೋಲೋಕೆ ಪುರುಸೊತ್ತಿದೆ?” ಎನ್ನುತ್ತಿದ್ದಳು. ಎದುರಿನವರ ಹೊಡೆತ ತಪ್ಪಿ ಬೋರ್ಡಿನ ಕಟ್ಟಿಗೆ ಬಡಿದರೆ, “ಪಾಪ, ಗೋಡೆಗೂ ಹಸಿವಾಗಿತ್ತು, ಅದಕ್ಕೆ ಹಾಕಿದ್ರು” ಎನ್ನುತ್ತಿದ್ದಳು. ಎದುರಿನವನು ಸ್ಟ್ರೈಕರಿಗೆ ಬೆರಳಿಟ್ಟು ಉಸಿರು ಬಿಗಿಹಿಡಿದಿರುವಾಗ, ಮೆಲ್ಲಗೆ, “ನಿಮ್ಮ ಎರಡನೇ ಗುಂಡಿ ಸಡಿಲಾಗಿದೆ ನೋಡಿ” ಎಂದುಬಿಡುತ್ತಿದ್ದಳು. ಅವನು ಗುಂಡಿ ನೋಡುವನು, ಹೊಡೆತ ತಪ್ಪುವುದು. ಗುಂಡಿ ನಿಜವಾಗಿಯೂ ಸಡಿಲಾಗಿರುತ್ತಿತ್ತು. ಆ ವಿಷಯದಲ್ಲಿ ಅವಳು ಒಮ್ಮೆಯೂ ಸುಳ್ಳು ಹೇಳಿದ್ದಿಲ್ಲ. ಆಟ ಗೆದ್ದ ಮೇಲೆ ಅಂಗಿ ಬಿಚ್ಚಿಸಿ ಅದೇ ಗುಂಡಿಯನ್ನು ಪುಕ್ಕಟೆ ಹಾಕಿಕೊಡುತ್ತಿದ್ದಳು.

ಒಂದು ದಿನ ನಾನು ಕೇಳಿದೆ. “ಅಕ್ಕಾ, ಹೀಗೆ ಮಾತಾಡಿ ಕೆಡಿಸೋದು ಮೋಸ ಅಲ್ವಾ?”

“ಎಂತ ಮೋಸ ಮಾರಾಯ? ಅವರ ಕಿವಿಗೆ ಕೇಳೋ ಹಾಗೇ ಹೇಳಿದ್ನಲ್ಲ. ಬೇಕಾದ್ರೆ ಅವರೂ ನಂಗೆ ಹೇಳ್ಲಿ. ಎದುರಿನವರಿಗೆ ಕಾಣೋ ಹಾಗೆ ಏನು ಮಾಡಿದ್ರೂ ಅದು ಆಟ. ಕಾಣದ ಹಾಗೆ ಮಾಡಿದ್ರೆ ಮೋಸ.”

“ಹಾಗಾದ್ರೆ ಗಿರಾಕಿಗಳಿಗೆ ‘ಗುಂಡಿ ಒಂದು ಬಾಕಿ, ನಾಳೆ ಬನ್ನಿ’ ಅಂತೀಯಲ್ಲ, ಬಟ್ಟೆ ಇನ್ನೂ ಕತ್ತರಿಸೇ ಇರಲ್ಲ. ಅದು?”

ಅವಳು ಯಂತ್ರದ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿ, ಯೋಚನೆ ಮಾಡಿ, “ಅದು ದರ್ಜಿ ಸುಳ್ಳು” ಅಂದಳು. “ಸುಳ್ಳು ಅಂತ ನಂಗೂ ಗೊತ್ತು, ಅವರಿಗೂ ಗೊತ್ತು. ಗೊತ್ತಿದ್ದೇ ಹಬ್ಬಕ್ಕೆ ವಾರ ಮೊದ್ಲೇ ತಂದು ಕೊಡ್ತಾರೆ.”

ಅವಳ ನ್ಯಾಯ ಹೀಗಿತ್ತು. ಪುಸ್ತಕದಲ್ಲಿ ಇರುವುದೋ ಇಲ್ಲವೋ ನನಗೆ ತಿಳಿಯದು. ಆದರೆ ಬಟ್ಟೆಯ ಅಂಚಿನ ಹಾಗೆ ನೇರವಾಗಿತ್ತು. ಎಲ್ಲಿ ಮಡಚುತ್ತದೆ, ಎಲ್ಲಿ ಕೊನೆಯಾಗುತ್ತದೆ ಎಂದು ನೋಡಿದವರಿಗೆ ತಿಳಿಯುತ್ತಿತ್ತು.

ದಾವಣಗೆರೆ ಕಡೆಯ ಜವಳಿ ಏಜೆಂಟನೊಬ್ಬ ಅಪ್ಪನ ಅಂಗಡಿಗೆ ಬಂದಾಗಲೆಲ್ಲ ಆಟಕ್ಕೆ ಕೂರುತ್ತಿದ್ದ. ಉದ್ದ ತೋಳಿನ ಅಂಗಿ. ಹೊಡೆದು ಕೈ ಹಿಂದಕ್ಕೆ ತೆಗೆಯುವಾಗ ತೋಳಿನ ತುದಿಯಿಂದ ಒಂದು ಕಾಯಿಯನ್ನು ಮೆಲ್ಲಗೆ ತೂತಿನ ಕಡೆ ಸರಿಸುತ್ತಿದ್ದ. ನಾವು ಯಾರೂ ಗಮನಿಸಿರಲಿಲ್ಲ. ಅಕ್ಕ ಕೊರಳಿನ ಟೇಪು ತೆಗೆದು, ಸೀದಾ ಅವನ ತೋಳಿಗೆ ಹಿಡಿದು ಅಳೆದಳು. “ನಿಮ್ಮ ತೋಳು ಅರ್ಧ ಇಂಚು ಉದ್ದ ಆಯ್ತು ನೋಡಿ. ಕತ್ತರಿಸಿ ಕೊಡ್ಲಾ?” ಅವನು ಕೆಂಪಾಗಿ ನಕ್ಕ. ಅವತ್ತಿನಿಂದ ತೋಳು ಮಡಚಿಯೇ ಆಟಕ್ಕೆ ಕೂತ. ಅವಳೂ ಆ ಮಾತನ್ನು ಮತ್ತೆ ಎತ್ತಲಿಲ್ಲ.

ತನ್ನ ವಿಷಯದಲ್ಲೂ ಅಷ್ಟೇ. ಒಮ್ಮೆ ರೆಡ್ಡು ಹಾಕಿ, ಅದರ ಹಿಂದೆಯೇ ಬಿಳಿ ಕಾಯಿಯನ್ನೂ ಹಾಕಿ ಆಟ ಮುಗಿಸಿದಳು. ನಾವೆಲ್ಲ ಕೂಗಿದೆವು. ಅವಳು ಕೂಗಲಿಲ್ಲ. ಹಾಕಿದ್ದನ್ನು ತೂತಿನಿಂದ ತೆಗೆದು ಬೋರ್ಡಿನ ನಡುವೆ ಇಟ್ಟಳು. ಸ್ಟ್ರೈಕರಿಗೆ ಬೆರಳು ಎರಡು ಸಲ ತಾಗಿತಂತೆ, ಅದು ಫೌಲು. ಯಾರು ನೋಡಿದರು ಎಂದು ಅಪ್ಪ ಕೇಳಿದರೆ, “ನನ್ನ ಬೆರಳು ನೋಡ್ತಲ್ಲಪ್ಪ. ಆಮೇಲೆ ನಾಳೆ ಸೂಜಿ ಹಿಡಿಯೋದೂ ಅದೇ ಬೆರಳು” ಅಂದಳು. ಆ ಆಟ ಸೋತಳು. ಸೋತದ್ದಕ್ಕೆ ಎರಡು ದಿನ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಸೋಲೆಂದರೆ ಅವಳಿಗೆ ಅಷ್ಟು ಕಷ್ಟ. ಅದನ್ನು ಮರೆಯಬಾರದು.

ನಮ್ಮ ಕಡೆ ಮಳೆಗಾಲದಲ್ಲಿ ಕೇರಂ ಬೋರ್ಡೂ ಮನುಷ್ಯರ ಹಾಗೆ ಶೀತ ಹಿಡಿದು ಮಂಕಾಗುತ್ತದೆ. ಎಷ್ಟು ಪೌಡರು ಹಾಕಿದರೂ ಸ್ಟ್ರೈಕರ್ ಓಡುವುದಿಲ್ಲ. ಬೇರೆಯವರು ಮೇಲೆ ಬಲ್ಬು ತೂಗುಹಾಕಿ ಒಣಗಿಸುತ್ತಾರೆ. ನಮ್ಮ ಪೇಟೆಯಲ್ಲಿ ಕರೆಂಟನ್ನು ನಂಬುವ ಹಾಗಿರಲಿಲ್ಲ. ಅಕ್ಕ ತನ್ನದೇ ದಾರಿ ಹುಡುಕಿದ್ದಳು. ಹಳೆಯ ಪಂಚೆಯನ್ನು ಮಡಚಿ ಬೋರ್ಡಿನ ಮೇಲೆ ಹಾಸಿ, ಕೆಂಡದ ಇಸ್ತ್ರಿ ಪೆಟ್ಟಿಗೆಯನ್ನು ಹದ ಬಿಸಿಯಲ್ಲಿ ಆಡಿಸುವುದು. ಮೊದಲು ನಾಲ್ಕೂ ಮಗ್ಗುಲು, ಆಮೇಲೆ ನಡು. ಇಸ್ತ್ರಿ ನನ್ನ ಕೆಲಸವಾದ್ದರಿಂದ ಬೋರ್ಡು ತೀಡುವುದೂ ನನ್ನ ಪಾಲಿಗೇ ಬಂತು. ತೀಡಿದ ಮೇಲೆ ಅವಳು ಅಂಗೈ ಮಗುಚಿ, ಕೈ ಹಿಂಬದಿಯಿಂದ ಬೋರ್ಡನ್ನು ಸವರಿ ನೋಡುತ್ತಿದ್ದಳು. ಬಟ್ಟೆಯ ತೇವ ನೋಡುವುದೂ ಹಾಗೆಯೇ. ಒಮ್ಮೆ ನನ್ನ ಅಜಾಗ್ರತೆಯಿಂದ ಬೋರ್ಡಿನ ಮರದ ಕಟ್ಟಿನ ಒಂದು ಮೂಲೆ ಸುಟ್ಟಿತು. ವೀಳ್ಯದೆಲೆಯ ತುದಿಯಂಥ ಕಪ್ಪು ಕಲೆ. ಬೈಯಬಹುದೆಂದು ಹೆದರಿದ್ದೆ. ಅವಳು, “ಇರ್ಲಿ ಬಿಡು ತಮ್ಮಾ, ದೃಷ್ಟಿಬೊಟ್ಟು” ಅಂದಳು.

ಆ ಕಲೆಯನ್ನು ಓದುವವರು ನೆನಪಿನಲ್ಲಿಡಿ.

ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ, ಒಂದು ಶ್ರಾವಣದಲ್ಲಿ, ಕೊಪ್ಪದ ಯುವಕರು ಸೇರಿ ಕೊಪ್ಪ, ಶೃಂಗೇರಿ, ನಮ್ಮದು, ಮೂರೂ ತಾಲ್ಲೂಕಿಗೆ ಕೇರಂ ಜೋಡಿ ಪಂದ್ಯ ಇಟ್ಟರು. ಗೆದ್ದ ಜೋಡಿ ಚಿಕ್ಕಮಗಳೂರಿಗೆ, ಜಿಲ್ಲೆಯ ಪಂದ್ಯಕ್ಕೆ. ಅಕ್ಕ ಮತ್ತು ನಾನು ಹೆಸರು ಕೊಟ್ಟೆವು. ಅವಳೊಬ್ಬಳೇ ಹೆಂಗಸು. ಅದೇ ಹೊತ್ತಿಗೆ ಅವಳಿಗೆ ಶೃಂಗೇರಿಯಿಂದ ಒಂದು ಸಂಬಂಧ ಬಂದಿತ್ತು. ಹುಡುಗನಿಗೆ ಪಾತ್ರೆ ಅಂಗಡಿ. ಅಪ್ಪ ಊಟದ ಹೊತ್ತಿನಲ್ಲಿ ಹೇಳಿದರು.

“ನೋಡು, ನಾನೂ ಎಷ್ಟು ದಿನ ಅಂತ ಜನರ ಬಾಯಿ ಮುಚ್ಚಿಸ್ಲಿ? ಕೊಪ್ಪದಲ್ಲಿ ಗೆದ್ರೆ ಚಿಕ್ಕಮಗಳೂರಿಗೆ ನಾನೇ ಕರ್ಕೊಂಡು ಹೋಗ್ತೀನಿ. ಶೃಂಗೇರಿಯವರು ಕಾಯ್ತಾರೆ. ಸೋತ್ರೆ ಅವರಿಗೆ ಹೂಂ ಅಂತ ಹೇಳಿ ಬರ್ತೀನಿ. ಆಮೇಲೆ ಆಟ ಗೀಟ ಇಲ್ಲ.”

“ಶೃಂಗೇರಿಯವರು ಕೂತ್ಕೊಂಡೇ ಕಾಯ್ಲಿ, ನಿಂತ್ರೆ ಕಾಲು ನೋಯತ್ತೆ” ಎಂದು ಅಕ್ಕ ಸಾರು ಕಲಸಿದಳು. ಆದರೆ ಚಿಕ್ಕಮಗಳೂರಿಗೆಂದು ಅವಳು ಹೊಸ ರವಿಕೆ ಹೊಲಿದಿಟ್ಟದ್ದನ್ನು ನಾನು ನೋಡಿದ್ದೆ. ಅದಕ್ಕೆ ಇಸ್ತ್ರಿ ಹಾಕಿದವನು ನಾನೇ.

ಕೊಪ್ಪದವರ ಬೋರ್ಡು ಮಳೆಗೆ ಸೊಟ್ಟಗಾಗಿತ್ತು. ನಮ್ಮ ಬೋರ್ಡು ಬೇಕೆಂದು ಹೇಳಿಕಳಿಸಿದರು. ಟಾರ್ಪಾಲಿನಲ್ಲಿ ಸುತ್ತಿ ಬಸ್ಸಿನ ಒಳಗೇ ಇಟ್ಟುಕೊಂಡು ಹೋದೆವು. ಕಂಡಕ್ಟರ್, “ಇದಕ್ಕೂ ಟಿಕೆಟ್ ತಗೋಬೇಕಮ್ಮ” ಅಂದ. “ಅರ್ಧ ಟಿಕೆಟ್ ಕೊಡಿ, ಇನ್ನೂ ಸ್ಕೂಲಿಗೆ ಹೋಗ್ತಾ ಇದೆ” ಅಂದಳು ಅಕ್ಕ. ಬಸ್ಸೆಲ್ಲ ನಕ್ಕಿತು. ಅಪ್ಪನೂ ನಕ್ಕರು.

ಪಂದ್ಯ ನಡೆದದ್ದು ಒಂದು ಹೋಟೆಲಿನ ಮಹಡಿಯ ಮೇಲೆ. ಬೆಳಿಗ್ಗೆಯಿಂದ ನಾವು ಗೆಲ್ಲುತ್ತಲೇ ಬಂದೆವು. ನಿಜ ಹೇಳಬೇಕೆಂದರೆ ಅಕ್ಕ ಗೆಲ್ಲುತ್ತ ಬಂದಳು. ನಾನು ಅವಳ ಎದುರು ಕೂತು ಹಾಳು ಮಾಡದಿದ್ದರೆ ಸಾಕಿತ್ತು. ಕೊನೆಯ ಪಂದ್ಯಕ್ಕೆ ನಮ್ಮೆದುರು ಬಂದವರು ಕೊಪ್ಪದ ಮರದ ವ್ಯಾಪಾರಿ ಇಬ್ರಾಹಿಂ ಸಾಹೇಬರು ಮತ್ತು ಅವರ ಜೋಡಿ, ಬಸ್ ಏಜೆಂಟ್ ಮಂಜಪ್ಪ. ಮೂರು ತಾಲ್ಲೂಕಿನಲ್ಲಿ ಅಕ್ಕನಿಗೆ ಸಮ ಎಂದರೆ ಸಾಹೇಬರೊಬ್ಬರೇ. ಬೆಳಿಗ್ಗೆ ಯಾರೋ ‘ಹೆಂಗಸರ ಜೊತೆ ಎಂತ ಆಟ’ ಎಂದು ಗೊಣಗಿದಾಗ, “ಆಡೋರ ಕೈ ನೋಡ್ರಪ್ಪ, ಬಳೆ ಯಾಕೆ ನೋಡ್ತೀರಿ?” ಎಂದು ಬಾಯಿ ಮುಚ್ಚಿಸಿದ್ದವರೂ ಅವರೇ.

ನಮ್ಮ ಕಡೆಯ ಪದ್ಧತಿಯಲ್ಲಿ ಬೋರ್ಡು ಯಾರದೋ ಅವರು ಎದುರಾಳಿಗೆ ಜಾಗ ಆರಿಸಲು ಬಿಡಬೇಕು. ಸಾಹೇಬರು ಯಾವಾಗಲೂ ಗೋಡೆಗೆ ಬೆನ್ನು ಹಾಕಿಯೇ ಕೂರುವವರು. ಹಿಂದೆ ಯಾರಾದರೂ ನಿಂತರೆ ಅವರ ಕೈ ನಡುಗುತ್ತಿತ್ತು. ಬೆಳಿಗ್ಗೆಯಿಂದ ನೋಡಿದ್ದೆ. ಅವರು ಗೋಡೆ ಮಗ್ಗುಲು ಕೂತರೆ ಮಂಜಪ್ಪ ಅದರ ಎದುರು. ಉಳಿದ ಎರಡು ಮಗ್ಗುಲು ಅಕ್ಕನಿಗೂ ನನಗೂ. ಅಂದರೆ ಯಾರು ಎಲ್ಲಿ ಕೂರುತ್ತಾರೆಂದು ಕೂರುವುದಕ್ಕೆ ಮೊದಲೇ ನನಗೆ ಗೊತ್ತಿತ್ತು.

ಎಲ್ಲರೂ ಕೆಳಗೆ ಊಟಕ್ಕೆ ಹೋದರು. ಬೋರ್ಡು ತೀಡಲು ನಾನೊಬ್ಬನೇ ಉಳಿದೆ. ಹೋಟೆಲಿನ ಒಲೆಯಿಂದ ಕೆಂಡ ತಂದು, ಮನೆಯಿಂದ ಒಯ್ದಿದ್ದ ಇಸ್ತ್ರಿ ಪೆಟ್ಟಿಗೆಗೆ ತುಂಬಿದೆ. ನಮ್ಮ ಎರಡು ಮಗ್ಗುಲು ಚೆನ್ನಾಗಿ ತೀಡಿದೆ. ಸಾಹೇಬರ ಮಗ್ಗುಲನ್ನೂ ಮಂಜಪ್ಪನ ಮಗ್ಗುಲನ್ನೂ ತೀಡಲಿಲ್ಲ. ಬದಲಿಗೆ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಸ್ಟ್ರೈಕರ್ ಇಡುವ ಗೆರೆಯ ಉದ್ದಕ್ಕೂ ಒತ್ತಿದೆ. ಮೇಲಿನ ಪಸೆ ಒರೆಸಿ ತೆಳುವಾಗಿ ಪೌಡರು ಸವರಿದೆ. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ.

ಅಕ್ಕನಿಗಾಗಿ ಮಾಡಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅರ್ಧ ನಿಜ. ಇನ್ನರ್ಧ, ಏಳನೇ ಕ್ಲಾಸು ದಾಟದವನು ಜಿಲ್ಲೆಗೆ ಆಡಿ ಬಂದ ಎಂದು ಪೇಟೆಯಲ್ಲಿ ಅನ್ನಿಸಿಕೊಳ್ಳುವ ಆಸೆ. ಇದೆರಡರ ಹಿಂದೆ ಇದ್ದದ್ದೆಂದರೆ, ಅವಳು ತನ್ನ ಕೈಯಿಂದಲೇ ಗೆಲ್ಲುತ್ತಾಳೆಂದು ನಾನು ನಂಬಲಿಲ್ಲ. ನಮ್ಮ ಮನೆಯಲ್ಲಿ ಅವಳ ಆಟವನ್ನು ಅತಿ ಹೆಚ್ಚು ನೋಡಿದವನು ನಾನು, ಆದರೂ ನಂಬಲಿಲ್ಲ.

ಊಟ ಮುಗಿಸಿ ಬಂದರು. ಯಾರೋ ಸಾಹೇಬರಿಗೆ, “ಬೋರ್ಡು ಅವರದ್ದು, ಒಮ್ಮೆ ನೋಡ್ಕೊಳ್ಳಿ” ಅಂದರು.

“ಅವಳ ಮನೆ ಬೋರ್ಡಿಗೆ ಸುಳ್ಳು ಹೇಳಕ್ಕೆ ಬರಲ್ಲ ಮಾರಾಯ” ಎಂದು ಸಾಹೇಬರು ಗೋಡೆಗೆ ಬೆನ್ನು ಹಾಕಿ ಕೂತರು. ನಾನು ತಲೆ ತಗ್ಗಿಸಿ ಕಾಯಿ ಜೋಡಿಸಿದೆ.

ಮೂರು ಆಟದಲ್ಲಿ ಎರಡು ಗೆದ್ದವರದ್ದು ಪಂದ್ಯ. ಮೊದಲ ಆಟದಲ್ಲಿ ಸಾಹೇಬರ ಹೊಡೆತಗಳು ಒಂದೂ ಮುಟ್ಟಲಿಲ್ಲ. ಸ್ಟ್ರೈಕರ್ ಹೊರಟು ಅರ್ಧ ದಾರಿಯಲ್ಲಿ ಸೋತು ನಿಲ್ಲುತ್ತಿತ್ತು. ಅಕ್ಕ ಖುಷಿಯಲ್ಲಿದ್ದಳು. “ಸಾಹೇಬ್ರೇ, ಊಟ ಜಾಸ್ತಿ ಆಯ್ತಾ? ಸ್ಟ್ರೈಕರಿಗೂ ನಿದ್ದೆ ಬರ್ತಾ ಇದೆ.” ಜನ ನಕ್ಕರು. ಸಾಹೇಬರು ನಗಲಿಲ್ಲ. ತಮ್ಮ ಬೆರಳನ್ನು ಎತ್ತಿ ನೋಡಿಕೊಂಡರು. “ಇಲ್ಲ ತಂಗಿ. ಬೆರಳಲ್ಲಿ ಬಲ ಹೋಯ್ತು ಅಂತ ಕಾಣತ್ತೆ. ವಯಸ್ಸಾಯ್ತು ನಂಗೆ” ಅಂದರು. ತಮಾಷೆಗೆ ಹೇಳಿದ್ದಲ್ಲ. ಆ ಮಾತನ್ನು ಅವರು ನಂಬಿಬಿಟ್ಟಿದ್ದರು.

ಅಕ್ಕ ಅವರ ಮುಖ ನೋಡಿದಳು. ಆಟ ನಾವು ಗೆದ್ದಿದ್ದೆವು. ಬೋರ್ಡಿನ ಪೌಡರು ಒರೆಸುವ ನೆಪದಲ್ಲಿ ಅವಳು ಎದ್ದು ಕೈ ಚಾಚಿದಳು. ಅಂಗೈ ಮಗುಚಿದ್ದನ್ನು ನಾನು ಕಂಡೆ. ಕೈ ಹಿಂಬದಿ ಸಾಹೇಬರ ಗೆರೆಯ ಮೇಲೆ ಹೋಯಿತು, ಒಂದು ಕ್ಷಣ ನಿಂತಿತು. ಮಂಜಪ್ಪನ ಗೆರೆಯ ಮೇಲೆ ಹೋಯಿತು, ನಿಂತಿತು. ಆಮೇಲೆ ನನ್ನ ಮುಂದಿನ ಗೆರೆ. ಅಲ್ಲಿ ನಿಲ್ಲಲಿಲ್ಲ. ತಲೆಯೆತ್ತಿ ನನ್ನನ್ನು ನೋಡಿದಳು. ಸಿಟ್ಟಿನ ನೋಟ ಅಲ್ಲ. ಗಿರಾಕಿ ತಂದ ಬಟ್ಟೆಯಲ್ಲಿ ಕತ್ತರಿಸಿದ ಮೇಲೆ ತೂತು ಕಂಡರೆ ನೋಡುವಳಲ್ಲ, ಹಾಗೆ.

ಅವಳು ಬಾಯಿ ಬಿಟ್ಟು ಹೇಳಬಹುದಿತ್ತು. ಹೇಳಿದ್ದರೆ ನಾನು ಸಿಕ್ಕಿಬೀಳುತ್ತಿದ್ದೆ, ತೀಡಿದವನು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಸುಮ್ಮನೆ ಇರಬಹುದಿತ್ತು. ಇದ್ದಿದ್ದರೆ ಇನ್ನೊಂದೇ ಆಟ, ಚಿಕ್ಕಮಗಳೂರು. ಅವಳು ಎರಡನ್ನೂ ಮಾಡಲಿಲ್ಲ. ಬೋರ್ಡಿನ ಎರಡು ಮೂಲೆ ಹಿಡಿದು, ಎತ್ತಿ, ಕಾಲು ಸುತ್ತು ತಿರುಗಿಸಿ ಇಟ್ಟಳು.

“ಇದೆಂತ ಮಾಡ್ತೀಯಮ್ಮ?” ಎಂದರು ತೀರ್ಪು ಹೇಳಲು ಪಂಚಾಯ್ತಿಗೆ ಕೂತವರು.

“ನಮ್ಮನೆ ಬೋರ್ಡು ಸ್ವಾಮಿ. ಬೆಳಿಗ್ಗೆಯಿಂದ ಒಂದೇ ಕಡೆ ಮುಖ ಹಾಕಿ ಬೇಜಾರಾಗಿದೆ ಅದಕ್ಕೆ.”

“ಗೆದ್ದ ಮಗ್ಗುಲು ಯಾರಾದ್ರೂ ಬಿಟ್ಟು ಕೊಡ್ತಾರಾ? ಅದೃಷ್ಟ ತಿರುಗತ್ತೆ!” ಎಂದು ಅಪ್ಪ ಹಿಂದಿನಿಂದ ಕೂಗಿದರು.

“ತಿರುಗ್ಲಿ ಬಿಡಪ್ಪ, ಎಲ್ಲಿಗೆ ಹೋಗತ್ತೆ, ಬೋರ್ಡಿನ ಮೇಲೇ ಇರತ್ತೆ.”

ಜನ ನಕ್ಕರು. ನಾನು ಕೆಳಗೆ ನೋಡಿದೆ. ಅಲ್ಲಿಯವರೆಗೆ ನನ್ನ ಎಡಗಡೆಯಿದ್ದ ಸುಟ್ಟ ಕಲೆ ಈಗ ಬಲಗಡೆಗೆ ಬಂದಿತ್ತು. ನಾನು ಒದ್ದೆ ಮಾಡಿದ ಗೆರೆ ನನ್ನ ಮುಂದೆಯೇ ಇತ್ತು. ಇನ್ನೊಂದು ಅವಳ ಮುಂದೆ.

ಎರಡನೇ ಆಟ ನಾವು ಸೋತೆವು. ಸಾಹೇಬರ ಬೆರಳಿಗೆ ಬಲ ಬಂದಿತ್ತು, ಮುಖಕ್ಕೆ ಬಣ್ಣವೂ ಬಂದಿತ್ತು. ನಾನು ಹೊಡೆದ ಸ್ಟ್ರೈಕರ್ ನಡುವಿನವರೆಗೂ ಹೋಗುತ್ತಿರಲಿಲ್ಲ. ಅಕ್ಕ ಒಂದು ಮಾತೂ ಆಡದೆ ಆಡಿದಳು. ಯಾರ ಗುಂಡಿಯ ಸುದ್ದಿಯನ್ನೂ ಎತ್ತಲಿಲ್ಲ. ಆಟ ಮುಗಿದ ಕೂಡಲೇ, “ಮಳೆ ಜೋರಾಯ್ತು, ಬೋರ್ಡು ಮಂಕಾಗಿದೆ” ಎಂದು ಹೇಳಿ ಕೆಂಡ ತರಿಸಿದಳು. ನಾನು ಪೆಟ್ಟಿಗೆಗೆ ಕೈ ಹಾಕಿದೆ. “ನೀನು ಕೂತ್ಕೋ” ಅಂದಳು. ಎಲ್ಲರ ಎದುರಿಗೆ, ಸಾಹೇಬರ ಕಣ್ಣೆದುರಿಗೇ, ನಾಲ್ಕೂ ಮಗ್ಗುಲನ್ನು ಒಂದೇ ಸಮನಾಗಿ ತಾನೇ ತೀಡಿದಳು.

ಮೋಸದಿಂದ ಬಂದ ಆಟವೊಂದು ನಮಗೆ. ಅದೇ ಮೋಸದ ಮೇಲೆ ಕೂತು ಕೊಟ್ಟ ಆಟವೊಂದು ಅವರಿಗೆ. ಈಗ ಲೆಕ್ಕ ಸಮ, ಬೋರ್ಡೂ ಸಮ. ಅವಳು ಹೀಗೆ ಯೋಚಿಸಿದ್ದಳೆಂದು ನನಗೆ ಹೊಳೆದದ್ದು ಬಹಳ ದಿನದ ಮೇಲೆ. ಆವತ್ತು ನಾನು ಅವಳು ತೀಡಿದ ಗೆರೆಯನ್ನೇ ನೋಡುತ್ತ ಕೂತಿದ್ದೆ. ಮೂರನೇ ಆಟದಲ್ಲಿ ಅಕ್ಕ ಆಡಿದ ಹಾಗೆ ಯಾರೂ ಆಡಿದ್ದನ್ನು ನಾನು ನೋಡಿಲ್ಲ. ಅವಳು ರೆಡ್ಡು ಹಾಕಿದಳು, ಅದರ ಹಿಂದೆ ಕಾಯಿಯನ್ನೂ ಹಾಕಿದಳು, ನನಗಾಗಿ ಒಂದು ಬಿಳಿ ಕಾಯಿಯನ್ನು ತೂತಿನ ಬಾಯಲ್ಲೇ ಬಿಟ್ಟಳು. ಸಣ್ಣ ಮಗು ಉಫ್ ಎಂದರೂ ಬೀಳಬೇಕಿತ್ತು. ನಾನು ತಪ್ಪಿಸಿದೆ. ಮುಂದಿನ ಸರದಿಯಲ್ಲಿ ಸಾಹೇಬರು ಆಟ ಮುಗಿಸಿದರು.

ಬಸ್ಸಿನಲ್ಲಿ ವಾಪಸು ಬರುವಾಗ ಅಪ್ಪ ನನ್ನನ್ನು ಕೇಳಿದರು, “ಯಾಕೋ ಸೋತ್ರಿ?”

ನಾನು ಹೇಳಿದೆ, “ಅಕ್ಕ ಬೋರ್ಡು ತಿರುಗಿಸಿದ್ಲಲ್ಲ.”

ಇದೇ ನನ್ನ ತಪ್ಪು. ಒದ್ದೆ ಬಟ್ಟೆಯದ್ದು ಎರಡನೆಯದು. ಬಟ್ಟೆ ಒತ್ತುವಾಗ ನನಗೆ ಬುದ್ಧಿ ಇರಲಿಲ್ಲ ಎನ್ನಬಹುದು. ಈ ಮಾತು ಹೇಳುವಾಗ ಎಲ್ಲ ಬುದ್ಧಿಯೂ ಇತ್ತು. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅವಳು ತಿರುಗಿಸಿದ್ದು ನಿಜ. ನಿಜವನ್ನೇ ಹಿಡಿದು ಸುಳ್ಳಿನ ಕೆಲಸ ಮಾಡಿಸಿದೆ. ಅಪ್ಪ ಅವಳ ಕಡೆ ತಿರುಗಿ, “ಸೊಕ್ಕು. ನಿನ್ನ ಸೊಕ್ಕೇ ನಿನ್ನ ಸೋಲಿಸ್ತು” ಅಂದರು. ಅವಳು ಟಾರ್ಪಾಲಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ನನ್ನನ್ನು ನೋಡಲಿಲ್ಲ. “ಹೌದಪ್ಪ, ನನ್ನ ಕೈ ಸುಮ್ನಿರಲ್ಲ” ಎಂದಳು. ಬಸ್ಸಿನಲ್ಲಿದ್ದ ಪೇಟೆಯವರು ಕೇಳಿಸಿಕೊಂಡರು. ಮಾರನೇ ದಿನದಿಂದ ಆ ಮಾತು ಹುಟ್ಟಿತು.

ಎದುರಿನವರಿಗೆ ಕಾಣದ ಹಾಗೆ ಮಾಡಿದ್ದೆಲ್ಲ ಮೋಸ ಎಂದವಳು ಒಂದೇ ಒಂದು ಸಲ ಕಾರಣ ಮುಚ್ಚಿಟ್ಟು ಆಡಿದಳು. ಅದೂ ನನಗಾಗಿ. ಅವಳ ನ್ಯಾಯದ ಅಂಚು ಒಂದೇ ಕಡೆ ಸೊಟ್ಟಗಾಗಿದೆ, ಅಲ್ಲಿ ನಾನು ಕೂತಿದ್ದೇನೆ.

ಕಾರ್ತಿಕ ಕಳೆದು ಮದುವೆಯಾಯಿತು. ಭಾವ ಒಳ್ಳೆಯವರು, ಅಕ್ಕನ ಮಾತಿಗೆ ನಗಲು ಬಲ್ಲವರು. ಅವಳು ಅಲ್ಲಿ ಸುಖವಾಗಿಯೇ ಇದ್ದಳು. ಅದರಿಂದ ನಾನು ಮಾಡಿದ್ದು ಸರಿಯಾಗುವುದಿಲ್ಲ. ಚಿಕ್ಕಮಗಳೂರಿಗೆ ಹೊಲಿದ ರವಿಕೆಯನ್ನು ಅವಳು ತೊಟ್ಟದ್ದನ್ನು ನಾನು ನೋಡಲೇ ಇಲ್ಲ. ಆದರೆ ಬೋರ್ಡನ್ನು ಮಾತ್ರ ಬಿಡಲಿಲ್ಲ. “ಆಟ ಗೀಟ ಇಲ್ಲ ಅಂದ್ರಿ, ಬೋರ್ಡು ಇಲ್ಲ ಅನ್ಲಿಲ್ವಲ್ಲ” ಎಂದು ಅಪ್ಪನಿಗೆ ಹೇಳಿ ಪಾತ್ರೆ ಪಡಗದ ಜೊತೆ ಶೃಂಗೇರಿಗೆ ತೆಗೆದುಕೊಂಡು ಹೋದಳು. ನಾನು ಹೋದಾಗಲೆಲ್ಲ ಭಾವನನ್ನೂ ಕೂರಿಸಿಕೊಂಡು ಆಡುತ್ತಿದ್ದಳು, ಎಂದಿನಂತೆ ಕೊಚ್ಚಿಕೊಳ್ಳುತ್ತಿದ್ದಳು. ಆದರೆ ಇಸ್ತ್ರಿ ಪೆಟ್ಟಿಗೆಯನ್ನು ನನ್ನ ಕೈಗೆ ಕೊಡಲಿಲ್ಲ. ಕೇಳಿದರೆ, “ಬೇಡ ಮಾರಾಯ, ನೀನು ಕಟ್ಟು ಸುಡ್ತೀಯ” ಎನ್ನುತ್ತಿದ್ದಳು. ಭಾವ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಒಂದೆರಡು ಸಲ, “ಅಕ್ಕಾ, ಆವತ್ತು ಕೊಪ್ಪದಲ್ಲಿ…” ಎಂದು ಶುರು ಮಾಡಿದ್ದುಂಟು. ಅವಳು, “ಹೊಡಿ ಹೊಡಿ, ನಿನ್ನ ಸರದಿ” ಎನ್ನುತ್ತಿದ್ದಳು. ನನಗೂ ಅದೇ ಬೇಕಿತ್ತು.

ಅವಳು ತೀರಿಕೊಂಡ ಮೇಲೆ, ಗಣಾರಾಧನೆಯ ದಿನ, ಶೃಂಗೇರಿಯ ಭಾವನ ಮನೆಗೆ ಕೊಪ್ಪದಿಂದ ಇಬ್ರಾಹಿಂ ಸಾಹೇಬರು ಬಂದರು. ವಯಸ್ಸು ಈಗ ನಿಜವಾಗಿಯೂ ಆಗಿದೆ. ಜೊತೆಗೆ ಮಂಜಪ್ಪನೂ ಬಂದಿದ್ದರು. ಎಲ್ಲರ ಊಟವಾದ ಮೇಲೆ ಜಗಲಿಯ ಮೇಲೆ ಕಾಫಿ ಕುಡಿಯುತ್ತ ಕೂತಿದ್ದೆವು. ಅಕ್ಕನ ಮಾತು ಬಂತು, ಗುಂಡಿಯ ಮಾತು ಬಂತು, ನಗುವೂ ಬಂತು. ಮಂಜಪ್ಪ ನಿಟ್ಟುಸಿರು ಬಿಟ್ಟು, “ಎಂಥ ಆಟಗಾರ್ತಿ! ಆವತ್ತೊಂದಿನ ಬೋರ್ಡು ತಿರುಗಿಸದಿದ್ರೆ ಅವಳನ್ನ ಹಿಡಿಯೋರಿರಲಿಲ್ಲ. ಸ್ವಲ್ಪ ಸೊಕ್ಕು, ಅಷ್ಟೇ” ಅಂದರು.

ನಾನು ಲೋಟ ಕೆಳಗಿಟ್ಟೆ.

“ಸೊಕ್ಕಲ್ಲ” ಅಂದೆ. “ನಿಮ್ಮಿಬ್ಬರ ಮಗ್ಗುಲು ನಾನು ತೀಡಿರಲಿಲ್ಲ. ಒದ್ದೆ ಬಟ್ಟೆ ಒತ್ತಿದ್ದೆ. ಅವಳಿಗೆ ಮೊದಲ ಆಟದ ಮೇಲೆ ಗೊತ್ತಾಯ್ತು. ಒದ್ದೆ ಮಗ್ಗುಲು ತನ್ನ ಕಡೆ ಬರ್ಲಿ ಅಂತ ತಿರುಗಿಸಿದ್ಲು.”

ಭಾವ ಕಂಬಕ್ಕೆ ಒರಗಿದ್ದವರು ನೆಟ್ಟಗಾದರು. ಮಂಜಪ್ಪನ ಬಾಯಿ ತೆರೆದೇ ಇತ್ತು. ಸಾಹೇಬರು ಮಾತ್ರ ನನ್ನ ಮುಖ ನೋಡದೆ ತಮ್ಮ ಬೆರಳನ್ನು ನೋಡಿಕೊಂಡರು. ಆಮೇಲೆ ಕೇಳಿದರು.

“ಮೂರನೇ ಆಟಕ್ಕೆ ಇಸ್ತ್ರಿ ಹಿಡಿದಿದ್ದು ಯಾರು?”

“ಅಕ್ಕ. ನೀವೇ ನೋಡಿದ್ರಲ್ಲ.”

“ನೋಡಿದ್ದೆ. ನೀನು ಮುಟ್ಟಿರಲಿಲ್ಲ?”

“ಇಲ್ಲ.”

“ನಾಲ್ಕೂ ಮಗ್ಗುಲು ತೀಡಿದ್ಲು?”

“ನಾಲ್ಕೂ.”

“ಹಾಗಾದ್ರೆ ಗೆದ್ದಿದ್ದು ನಾವೇ ಮಂಜಪ್ಪ” ಎಂದರು ಸಾಹೇಬರು. “ಅವಳು ತೀಡಿದ ಬೋರ್ಡಿನ ಮೇಲೆ ಗೆದ್ದಿದ್ದು.” ಆಮೇಲೆ ಟೋಪಿ ತೆಗೆದು ಮೊಣಕಾಲ ಮೇಲಿಟ್ಟು ಕಣ್ಣೊರೆಸಿಕೊಂಡರು. “ಇಷ್ಟು ವರ್ಷ ಆ ಮಾತಿಗೆ ನಾನೂ ನಕ್ಕಿದೀನಲ್ಲೋ.”

ನನಗೆ ಸಮಾಧಾನ ಹೇಳಲಿಲ್ಲ. ಬೈಯಲೂ ಇಲ್ಲ. ಬೋರ್ಡು ಎಲ್ಲಿದೆ ಎಂದು ಭಾವನನ್ನು ಕೇಳಿದರು. ಭಾವ ಒಳಗಿನಿಂದ ತಂದು ಜಗಲಿಯ ಮೇಲಿಟ್ಟರು. ಅವಳು ಹಾಸಿಗೆ ಹಿಡಿದ ಮೇಲೆ ಯಾರೂ ಮುಟ್ಟಿರಲಿಲ್ಲ. ಹಲಗೆ ಮಂಕಾಗಿ ಅಂಚಿನಲ್ಲಿ ಬೂಸಲು ಹಿಡಿದಿತ್ತು. ಸುಟ್ಟ ಕಲೆ ಹಾಗೇ ಇತ್ತು. ಸಾಹೇಬರು ಅದರ ಮೇಲೆ ಬೆರಳಾಡಿಸಿ, ಎದ್ದು, ತಮ್ಮ ಮರದ ಕುರ್ಚಿಯನ್ನು ಗೋಡೆಯ ಕಡೆಗೆ ಎಳೆದುಕೊಂಡು ಬೆನ್ನು ಹಾಕಿ ಕೂತರು.

“ಕೆಂಡ ತರ್ಸು” ಅಂದರು. “ನೀನೇ ತೀಡು. ನಾನು ನೋಡ್ತಾ ಕೂತಿರ್ತೀನಿ.”

ಪಂಚೆ ಮಡಚಿ ಹಾಸಿದೆ. ಗೋಡೆ ಮಗ್ಗುಲಿನಿಂದ ಶುರು ಮಾಡಿದೆ. ಸಾಹೇಬರು ನನ್ನ ಕೈಯಿಂದ ಕಣ್ಣು ತೆಗೆಯಲಿಲ್ಲ.